ಹಳೆ ಬುಲೆಟ್ 350: ಘಾಟಿಯಲ್ಲಿ ಟಿಣ್ ಟಿಣ್, ಬಿಸಿಯಾದ ಮೇಲೆ ಬೇರೆ ಬಡಿತ. ಎಂಜಿನ್ ಇಳಿಸಲೇಬೇಕಾ?

ಚಾರ್ಮಾಡಿ_ತಿರುವು:

ಗಾಡಿ 1994ರ ಬುಲೆಟ್ 350. ಎರಕದ ಕಬ್ಬಿಣದ ಬ್ಲಾಕು, ಬಲಗಾಲಿನ ಗೇರು, ಪಾಯಿಂಟ್ ಇಗ್ನಿಷನ್ (ತೆರೆದು ಮುಚ್ಚೋ ಸಂಪರ್ಕದಿಂದ ಕಿಡಿ ಹಾರಿಸೋದು). ಬ್ಲಾಕ್ ಒಂದು ಸಲ ಬೋರ್ ಆಗಿದೆ, ಈಗಿರೋದು +20 ಪಿಸ್ಟನ್ (0.020 ಇಂಚು ಹೆಚ್ಚು ದಪ್ಪದ್ದು). ಆಯಿಲ್ 20ಡಬ್ಲ್ಯು50, ಫಿಲ್ಟರ್ ಸಮೇತ ಬದಲಾಗಿ 1,500 ಕಿ.ಮೀ. ಆಯ್ತು.

ಬೆಳಿಗ್ಗೆ ತಣ್ಣಗಿರುವಾಗ ಖಾಲಿ ಡಬ್ಬ ಬಡಿದ ಹಾಗೆ ಒಂದು ಸದ್ದು, ನಾಲ್ಕೈದು ಕಿಲೋಮೀಟರ್ ಓಡಿದರೆ ಮುಕ್ಕಾಲು ಪಾಲು ಇಳಿಯುತ್ತೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಚಾರ್ಮಾಡಿ ಹತ್ತುವಾಗ ಮೂರನೇ ಗೇರಲ್ಲಿ ಥ್ರಾಟಲ್ ತಿರುವಿದರೆ ಚುರುಕಾದ ಟಿಣ್ ಟಿಣ್ ಟಿಣ್. ಥ್ರಾಟಲ್ ಬಿಟ್ಟರೆ ತಕ್ಷಣ ನಿಲ್ಲುತ್ತೆ. ಇದರ ಮೇಲೆ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಸಮತಟ್ಟು ರಸ್ತೆಯಲ್ಲಿ ನಾಲ್ಕನೇ ಗೇರಲ್ಲಿ 45ರ ಹತ್ತಿರ ಹಗುರ ಥ್ರಾಟಲಲ್ಲಿ ಹೋಗುವಾಗ ಕೆಳಗಿನಿಂದ ಮಂದವಾದ ದಬ್ ದಬ್.

ಗ್ಯಾರೇಜಲ್ಲಿ ಒಂದು ನಿಮಿಷ ಕೇಳಿ "ಕ್ರಾಂಕ್ ಹೋಗಿದೆ, ಎಂಜಿನ್ ಇಳಿಸೋಣ" ಅಂದರು (ಕ್ರಾಂಕ್ ಅಂದ್ರೆ ಪಿಸ್ಟನ್ನಿನ ಓಟವನ್ನು ತಿರುಗಾಟ ಮಾಡೋ ದಂಡ). ಬಿಚ್ಚುವ ಮೊದಲು ಮನೆಯಲ್ಲೇ ಏನೇನು ಪರೀಕ್ಷೆ ಮಾಡಬಹುದು? ಫೀಲರ್ ಗೇಜ್, ಸ್ಪ್ಯಾನರ್ ಸೆಟ್ ಇದೆ.

---

ಫೀಲರ್_ಗೇಜ್:

ನೀವು ಬರೆದಿರೋದರಲ್ಲಿ ಮೂರು ಬೇರೆ ಬೇರೆ ಸದ್ದಿದೆ. ಮೂರನ್ನೂ ಒಂದೇ ಗಂಟು ಕಟ್ಟಿದರೆ ಎಲ್ಲ ಗಾಡಿಗೂ "ಕ್ರಾಂಕ್ ಹೋಗಿದೆ" ಅನ್ನೋ ಉತ್ತರವೇ ಬರುತ್ತೆ.

ಘಾಟಿಯ ಟಿಣ್ ಟಿಣ್ ಮೊದಲು ನೋಡಿ, ಯಾಕಂದ್ರೆ ಅದಕ್ಕೆ ಏನೂ ಬಿಚ್ಚಬೇಕಿಲ್ಲ. ಲೋಡ್ ಇದ್ದಾಗ ಮಾತ್ರ ಬಂದು, ಥ್ರಾಟಲ್ ಬಿಟ್ಟ ಕ್ಷಣ ನಿಲ್ಲೋದು ಬಹುಮಟ್ಟಿಗೆ ಪಿಂಕಿಂಗ್. ಅಂದರೆ ಸವೆದ ಭಾಗಗಳ ಬಡಿತ ಅಲ್ಲ, ಪೆಟ್ರೋಲ್ ಮಿಶ್ರಣ ಹೊತ್ತಿಕೊಳ್ಳೋ ರೀತಿ ಕೆಟ್ಟಿರೋದು. ಈ ಎಂಜಿನ್ನಿನ ಕಂಪ್ರೆಷನ್ ಕಡಿಮೆ, ಟೈಮಿಂಗ್ (ಪ್ಲಗ್ ಕಿಡಿ ಹಾರೋ ಹೊತ್ತು) ಸರಿ ಇದ್ದರೆ ಸಾದಾ ಪೆಟ್ರೋಲಿಗೆ ಪಿಂಕ್ ಆಗಬಾರದು. ಆಗ್ತಿದೆ ಅಂದ್ರೆ ಟೈಮಿಂಗ್ ಮುಂದೆ ಹೋಗಿದೆ, ಇಲ್ಲವೇ ಮಿಶ್ರಣ ಲೀನ್ ಆಗಿದೆ (ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ), ಇಲ್ಲವೇ ಹೆಡ್ಡಲ್ಲಿ ಕಾರ್ಬನ್ ಕೂತಿದೆ. ನಾನು ಈ ಕ್ರಮದಲ್ಲೇ ನೋಡ್ತೀನಿ.

ಪಾಯಿಂಟ್ ಮುಚ್ಚಳ ತೆಗೆದು ಮಧ್ಯದ ಕ್ಯಾಮನ್ನು ಬೆರಳಲ್ಲಿ ತಿರುವಿ ಬಿಡಿ. ಅಡ್ವಾನ್ಸ್ ಆಗೋ (ಕಿಡಿ ಬೇಗ ಹಾರೋ) ದಿಕ್ಕಿಗೆ ಸ್ವಲ್ಪ ತಿರುಗಿ, ಬಿಟ್ಟ ತಕ್ಷಣ ಪಟ್ಟನೆ ವಾಪಸ್ ಬರಬೇಕು. ಸೋಮಾರಿಯಾಗಿ ಬಂದರೆ ಅಥವಾ ಅಲ್ಲೇ ನಿಂತರೆ ಒಳಗಿನ ಆಟೋ ಅಡ್ವಾನ್ಸ್ ತೂಕಗಳು ತುಕ್ಕು ಹಿಡಿದಿವೆ, ಅಥವಾ ಆ ಎರಡು ಚಿಕ್ಕ ಸ್ಪ್ರಿಂಗ್ ಹಿಗ್ಗಿವೆ. ಆಗ ಆರ್‌ಪಿಎಂ ಕಡಿಮೆ ಇರುವಾಗಲೇ ಪೂರ್ತಿ ಅಡ್ವಾನ್ಸ್ ಸಿಕ್ಕಿಬಿಡುತ್ತೆ. ಘಾಟಿಯಲ್ಲಿ ಮೂರನೇ ಗೇರಲ್ಲಿ ಏದುತ್ತಾ ಹತ್ತುವಾಗ ಬರೋ ಸದ್ದಿಗೆ ಇದಕ್ಕಿಂತ ಹೊಂದುವ ಕಾರಣ ಇನ್ನೊಂದಿಲ್ಲ.

ಆಮೇಲೆ ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ. ಇಡಿ. ಟೈಮಿಂಗ್‌ಗೂ ಮುಂಚೆ ಗ್ಯಾಪ್ ಇಡಬೇಕು, ಗ್ಯಾಪ್ ಹೆಚ್ಚಾದರೆ ಟೈಮಿಂಗ್ ತಾನಾಗಿ ಮುಂದೆ ಹೋಗುತ್ತೆ. ಇನ್ನು ಟೈಮಿಂಗ್: ತೂಕಗಳು ಮುಚ್ಚಿರುವಾಗ, ಕಂಪ್ರೆಷನ್ ಸ್ಟ್ರೋಕಲ್ಲಿ ಪಿಸ್ಟನ್ ತುದಿ ಮುಟ್ಟಲು 0.8 ಮಿ.ಮೀ. ಬಾಕಿ ಇರುವಾಗ ಪಾಯಿಂಟ್ ತೆರೆಯಬೇಕು. ಈ ಎಂಜಿನ್ನಿನ 90 ಮಿ.ಮೀ. ಸ್ಟ್ರೋಕಿಗೆ ಅದು ಸುಮಾರು ಹತ್ತು ಡಿಗ್ರಿ. ಪ್ಲಗ್ ತೂತಿನಿಂದ ಸೈಕಲ್ ಸ್ಪೋಕ್ ಇಳಿಸಿ ಅಳೆಯಬಹುದು, ಆದರೆ ತೂತು ಓರೆಯಾಗಿರೋದರಿಂದ ಸ್ಪೋಕ್ ಸ್ವಲ್ಪ ಬಗ್ಗಿಸಬೇಕು. ಕ್ರಾಂಕನ್ನು ಒಂದಿಷ್ಟು ಹಿಂದಕ್ಕೆ ತಂದು ಮುಂದಕ್ಕೆ ತಿರುವುತ್ತಲೇ ಅಳತೆಗೆ ಬನ್ನಿ. ಹಿಂದಕ್ಕೆ ತಿರುವಿ ನಿಲ್ಲಿಸಿದರೆ ಟೈಮಿಂಗ್ ಗೇರುಗಳ ಸಡಿಲ ಅಳತೆಯೊಳಗೆ ಸೇರಿಕೊಳ್ಳುತ್ತೆ.

ಪಾಯಿಂಟ್ ಯಾವಾಗ ತೆರೆಯಿತು ಅಂತ ನೋಡೋಕೆ ಬಲ್ಬು ಬೇಡ. ಹೆಡ್‌ಲೈಟ್ ಮೇಲಿನ ಆಮ್‌ಮೀಟರ್ ಇದೆಯಲ್ಲ, ಕೀ ಆನ್ ಮಾಡಿ. ಪಾಯಿಂಟ್ ಮುಚ್ಚಿರೋವಾಗ ಮುಳ್ಳು ಮೈನಸ್ ಕಡೆ ಸ್ವಲ್ಪ ಬಾಗಿರುತ್ತೆ, ತೆರೆದ ಕ್ಷಣ ಸೊನ್ನೆಗೆ ಮರಳುತ್ತೆ. ಕಾಯಿಲ್ ಕಾಯುತ್ತೆ, ಕೀ ಬಹಳ ಹೊತ್ತು ಆನಲ್ಲಿ ಬಿಡಬೇಡಿ.

ಬೆಳಗಿನ ಡಬ್ಬದ ಸದ್ದು ಪಿಸ್ಟನ್ ಸ್ಲ್ಯಾಪ್. ಅಲ್ಯೂಮಿನಿಯಂ ಪಿಸ್ಟನ್ ಕಬ್ಬಿಣದ ಬ್ಲಾಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತೆ. ತಣ್ಣಗಿರುವಾಗ ಸಂದು ಜಾಸ್ತಿ, ಪಿಸ್ಟನ್ ಓಲಾಡಿ ಗೋಡೆಗೆ ಬಡಿಯುತ್ತೆ, ಬಿಸಿಯಾದರೆ ಸಂದು ತುಂಬುತ್ತೆ. ಹೊಗೆ ಇಲ್ಲ, ಆಯಿಲ್ ಇಳೀತಿಲ್ಲ ಅಂದ್ರೆ ಅದಕ್ಕೆ ಆತುರ ಬೇಡ.

ಮೂರನೆಯದು ಮಾತ್ರ ನನಗೆ ಇಷ್ಟವಾಗಲಿಲ್ಲ. ಮೊದಲೆರಡು ತೀರಿಸಿ, ಅದು ಉಳಿಯುತ್ತಾ ನೋಡಿ.

---

ಪ್ರೈಮರಿ_ಚೈನು:

ಫೀಲರ್ ಸರ್ ಹೇಳಿದ್ದು ಸರಿ, ಆದ್ರೆ ಕೆಳಗಿನ ದಬ್ ದಬ್‌ಗೆ ನೇರ ಬಿಗ್ ಎಂಡ್ (ಪಿಸ್ಟನ್ ರಾಡ್ ಕ್ರಾಂಕಿಗೆ ಸೇರೋ ಕೆಳತುದಿ) ಅನ್ನೋ ಮೊದಲು ಎಡಗಡೆ ಕೇಸ್ ನೋಡಿ ಗುರು. ಎಷ್ಟೋ "ಕ್ರಾಂಕ್ ಬಡಿತ" ಪ್ರೈಮರಿ ಕವರ್ (ಎಂಜಿನ್ನಿಂದ ಕ್ಲಚ್ಚಿಗೆ ಹೋಗೋ ಚೈನಿನ ಮುಚ್ಚಳ) ಒಳಗೇ ಮುಗಿಯುತ್ತೆ.

ಉದ್ದನೆಯ ಸ್ಕ್ರೂಡ್ರೈವರ್ ತಗೊಂಡು ತುದಿ ಎಂಜಿನ್ನಿಗೆ, ಹಿಡಿ ಕಿವಿಯ ಮುಂದಿನ ಮೂಳೆಗೆ ಒತ್ತಿ. ಬಲಗಡೆ ಟೈಮಿಂಗ್ ಕವರ್, ಬ್ಲಾಕಿನ ಮುಂಭಾಗದ ನಡು, ಮೇಲೆ ರಾಕರ್ (ವಾಲ್ವ್ ಒತ್ತೋ ತೋಳು) ಕವರ್, ಎಡಗಡೆ ಪ್ರೈಮರಿ ಕೇಸಿನ ಮುಂದೆ ಮತ್ತೆ ಹಿಂದೆ, ಕೊನೆಗೆ ಕ್ರಾಂಕ್‌ಕೇಸಿನ ಅಡಿ, ಹೀಗೆ ಜಾಗ ಬದಲಿಸ್ತಾ ಹೋಗಿ. ಬರಿಗಿವಿಗೆ ಸದ್ದು ಇಡೀ ಎಂಜಿನ್ನಿಂದ ಬಂದ ಹಾಗಿರುತ್ತೆ, ಸ್ಕ್ರೂಡ್ರೈವರಿಗೆ ಒಂದು ಜಾಗದಲ್ಲಿ ಮಾತ್ರ ಚುಚ್ಚುತ್ತೆ. ಅಂಗಿ ತೋಳು, ಕೂದಲು ಜೋಪಾನ.

ಎಡಗಡೆ ಜೋರಿದ್ರೆ ಪ್ರೈಮರಿ ಕವರ್ ತೆಗೀರಿ (ಕೆಳಗೆ ತಟ್ಟೆ ಇಡಿ, ಆಯಿಲ್ ಸುರಿಯುತ್ತೆ). ಚೈನಿನ ಮೇಲುಸಾಲಲ್ಲಿ ಮಧ್ಯೆ 6 ಮಿ.ಮೀ. ಆಡಬೇಕು. ಒಂದೇ ಜಾಗದಲ್ಲಿ ನೋಡಬೇಡಿ, ಎಂಜಿನ್ ತಿರುಗಿಸ್ತಾ ನಾಲ್ಕೈದು ಕಡೆ ನೋಡಿ, ಅತಿ ಬಿಗಿ ಇರೋ ಕಡೆ 6 ಇಡಿ. ಸಡಿಲ ಇದ್ರೆ ಐಡಲಲ್ಲಿ ಕೇಸಿಗೆ ಬಡಿಯುತ್ತೆ. ಬಿಗಿ ಜಾಗಕ್ಕೂ ಸಡಿಲ ಜಾಗಕ್ಕೂ ಬಹಳ ವ್ಯತ್ಯಾಸ ಇದ್ರೆ ಚೈನ್ ಮುಗಿದಿದೆ, ಎಷ್ಟು ಅಡ್ಜಸ್ಟ್ ಮಾಡಿದ್ರೂ ಅಷ್ಟೇ.

ಆಮೇಲೆ ಆಲ್ಟರ್ನೇಟರ್ ರೋಟರ್ (ಕರೆಂಟ್ ಮಾಡೋದರ ತಿರುಗೋ ಭಾಗ). ಅದರ ನಟ್ ಸಡಿಲಾದ್ರೆ ಕ್ರಾಂಕ್ ತುದಿ ಮೇಲೆ ರೋಟರ್ ಕುಣಿಯುತ್ತೆ, ಆ ಸದ್ದು ಥೇಟ್ ಬಿಗ್ ಎಂಡ್. ಕೈಯಲ್ಲಿ ಹಿಡಿದು ಅಲುಗಾಡಿಸಿ. ರೋಟರ್ ಮತ್ತೆ ಸ್ಟೇಟರ್ (ಅದರ ತಿರುಗದ ಭಾಗ) ನಡುವೆ 0.2 ಮಿ.ಮೀ. ಫೀಲರ್ ಸುತ್ತಲೂ ಸಲೀಸಾಗಿ ಹಾಯಬೇಕು. ಒಂದು ಕಡೆ ಸಿಕ್ಕಿಕೊಂಡು ಅಲ್ಲೇ ಹೊಳಪು ಉಜ್ಜಿದ ಗುರುತಿದ್ರೆ, ಬಡೀತಿರೋದು ಅದೇ.

ಇನ್ನೆರಡು ಚಿಲ್ಲರೆ ವಿಷಯ. ಹೆಡ್ಡಿನಿಂದ ಫ್ರೇಮಿಗೆ ಇರೋ ಸ್ಟೇ ಪಟ್ಟಿ ಸಡಿಲಾದ್ರೂ ಬಡಿತ ಬರುತ್ತೆ. ಸೈಲೆನ್ಸರ್ ಬೆಂಡ್ ಹೆಡ್ಡಿಗೆ ಸೇರೋ ಕಡೆ ಗಾಳಿ ಸೋರಿದ್ರೆ ಟ್ಯಾಪೆಟ್ (ವಾಲ್ವ್ ಎತ್ತೋ ಭಾಗ) ತರಾನೇ ಟಿಕ್ ಟಿಕ್. ಅಲ್ಲಿ ಮಸಿ ಕಟ್ಟಿದೆಯಾ ನೋಡಿ ಸಾಕು.

---

ಥಂಪ್_ಪ್ರಿಯ:

ಇಷ್ಟೆಲ್ಲ ಯಾಕೆ, ಇನ್ನೂ ದಪ್ಪ ಆಯಿಲ್ ಹಾಕಿ, ಸದ್ದು ನಿಲ್ಲುತ್ತೆ. ಹಳೇ ಬುಲೆಟ್ ಅಂದ್ಮೇಲೆ ಸ್ವಲ್ಪ ಬಡಿಯೋದೇ. ಬಡಿತ ಎಣಿಸಿ ನೋಡಿ, ಕ್ರಾಂಕಿನ ಅರ್ಧ ಸ್ಪೀಡಿಗೆ ಬಂದ್ರೆ ಟ್ಯಾಪೆಟ್, ಸಮಸಮ ಬಂದ್ರೆ ಬಿಗ್ ಎಂಡ್.

---

ಎಡಮುರಿ_ನಟ್:

ಥಂಪ್_ಪ್ರಿಯ ಕೊಟ್ಟ ಎರಡೂ ಸಲಹೆ ಪಾಲಿಸಬೇಡಿ.

ಎಣಿಕೆಯ ಲೆಕ್ಕ ಕೇಳಲು ಚೆಂದ. ಆದರೆ ಸವೆದ ಬಿಗ್ ಎಂಡ್ ಗಟ್ಟಿಯಾಗಿ ಹೊಡೆಯುವುದು ಪವರ್ ಸ್ಟ್ರೋಕಿನ ಪೆಟ್ಟಿಗೆ. ಅದು ಬರುವುದು ಎರಡು ಸುತ್ತಿಗೊಮ್ಮೆ, ಟ್ಯಾಪೆಟ್ಟೂ ಎರಡು ಸುತ್ತಿಗೊಮ್ಮೆ. ಒಂದೇ ಸಿಲಿಂಡರಿನ ಫೋರ್ ಸ್ಟ್ರೋಕಲ್ಲಿ ಎಣಿಸಿ ಇವೆರಡನ್ನು ಬೇರೆ ಮಾಡಲಾಗದು. ಸದ್ದಿನ ದಪ್ಪ, ಬರುವ ಜಾಗ, ಬಿಸಿಗೆ ಏರುತ್ತದೋ ಇಳಿಯುತ್ತದೋ, ಥ್ರಾಟಲಿಗೆ ಹೇಗೆ ಬದಲಾಗುತ್ತದೆ, ಇವೇ ಗುರುತು.

ದಪ್ಪ ಆಯಿಲ್ ಸದ್ದನ್ನು ಮುಚ್ಚುತ್ತದೆ, ಸವೆತ ನಿಲ್ಲಿಸದು. ಈ ಎಂಜಿನ್ನಿನ ಪಂಪು ಚಿಕ್ಕ ಪ್ಲಂಜರ್ ಪಂಪು. ತಣ್ಣನೆಯ ದಪ್ಪ ಆಯಿಲ್ ಫಿಲ್ಟರ್ ದಾಟಿ ಕ್ರಾಂಕ್ ಸೇರಲು ತಡವಾಗುತ್ತದೆ, ಬಿಗ್ ಎಂಡ್ ಒಣಗುವುದು ಆ ಹೊತ್ತಿನಲ್ಲೇ. 20ಡಬ್ಲ್ಯು50 ಸಾಕು.

ಬಿಸಿಯಾದಾಗ ಹೆಚ್ಚುವ, ಹಗುರ ಥ್ರಾಟಲಲ್ಲಿ ಎಳೆತವೂ ಇಲ್ಲದೆ ತಡೆಯೂ ಇಲ್ಲದೆ ತೇಲುವಾಗ ಕೇಳುವ ಮಂದ ಬಡಿತ ಬಿಗ್ ಎಂಡಿನ ಲಕ್ಷಣವೇ. ಬಿಸಿ ಆಯಿಲ್ ತೆಳುವಾಗುತ್ತದೆ, ಸವೆದ ಸಂದನ್ನು ತುಂಬಲಾರದು. ಪಿಸ್ಟನ್ ಪಿನ್ನಿನ ಬುಷ್ ಆಗಿದ್ದರೆ ಸದ್ದು ಇಷ್ಟು ಮಂದವಿರದು: ಐಡಲಲ್ಲಿ ಚುರುಕಾಗಿ ಟಕಟಕ ಎಂದು ಜೋಡಿ ಹೊಡೆತ, ಕಿವಿಗೆ ಬ್ಲಾಕಿನ ಮೇಲರ್ಧದಲ್ಲಿ. ಮೇನ್ ಬೇರಿಂಗ್ ಬಡಿಯುವುದಕ್ಕಿಂತ ಗುರುಗುಟ್ಟುವುದೇ ಹೆಚ್ಚು, ಫುಟ್‌ರೆಸ್ಟಿನಲ್ಲಿ ಕಾಲಿಗೇ ಗೊತ್ತಾಗುತ್ತದೆ.

ಟ್ಯಾಪೆಟ್ ಕೂಡ ಒಮ್ಮೆ ನೋಡಿಬಿಡಿ, ಹತ್ತು ನಿಮಿಷದ ಕೆಲಸ. ಎಂಜಿನ್ ಪೂರ್ತಿ ತಣ್ಣಗಿರಲಿ. ಕಂಪ್ರೆಷನ್ ಸ್ಟ್ರೋಕಿನ ತುದಿಯಲ್ಲಿ ಪಿಸ್ಟನ್ ನಿಲ್ಲಿಸಿ, ಬಲಗಡೆಯ ಚಿಕ್ಕ ಮುಚ್ಚಳ ತೆಗೆದು ಪುಶ್‌ರಾಡ್‌ಗಳನ್ನು (ಟ್ಯಾಪೆಟ್ಟಿನಿಂದ ರಾಕರಿಗೆ ಹೋಗುವ ಕಡ್ಡಿಗಳು) ಬೆರಳಲ್ಲಿ ತಿರುವಿ. ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಲಾಕ್‌ನಟ್ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ತಿರುವಿ. ಬಿಗಿ ಮಾಡುವಾಗಲೇ ಅಳತೆ ಕದಲುವುದು ಹೆಚ್ಚು.

ಇನ್ನು ಆಯಿಲ್. "ರಾಕರಿಗೆ ಆಯಿಲ್ ಬರುತ್ತಿದೆ, ಪಂಪ್ ಸರಿ ಇದೆ" ಎಂದು ತೀರ್ಮಾನಿಸುವುದು ಈ ಎಂಜಿನ್ನಿನಲ್ಲಿ ದೊಡ್ಡ ತಪ್ಪು. ಇಲ್ಲಿ ಎರಡು ಪಂಪಿವೆ. ಒಂದು ಆಯಿಲನ್ನು ಫಿಲ್ಟರ್ ಮೂಲಕ ಕ್ರಾಂಕಿಗೆ ಕಳಿಸುತ್ತದೆ. ರಾಕರಿಗೆ ಹೋಗುವುದು ವಾಪಸ್ ಪಂಪಿನ ಆಯಿಲ್. ರಾಕರ್ ತೊಯ್ದಿದ್ದರೂ ಬಿಗ್ ಎಂಡ್ ಒಣಗಿರಬಹುದು. ಪರೀಕ್ಷೆ ಹೀಗೆ: ಟೈಮಿಂಗ್ ಕಡೆಯ ಫಿಲ್ಟರ್ ಮುಚ್ಚಳ ಸ್ವಲ್ಪ ಸಡಿಲಿಸಿ, ಕೀ ಆಫ್, ಡೀಕಂಪ್ರೆಸರ್ (ಕಂಪ್ರೆಷನ್ ಬಿಡುವ ಲಿವರ್) ಹಿಡಿದು ಹದಿನೈದು ಇಪ್ಪತ್ತು ಕಿಕ್ ಹೊಡೆಯಿರಿ. ಮುಚ್ಚಳದ ಅಂಚಿನಿಂದ ಆಯಿಲ್ ಒಸರಬೇಕು. ಬರದಿದ್ದರೆ ಎಂಜಿನ್ ಸ್ಟಾರ್ಟ್ ಮಾಡುವ ಮಾತೇ ಬೇಡ.

ಬಂದರೂ ಅರ್ಧ ಸಮಾಧಾನ ಅಷ್ಟೇ. ಫಿಲ್ಟರ್ ದಾಟಿದ ಆಯಿಲ್ ಟೈಮಿಂಗ್ ಕವರಿನಿಂದ ತಿರುಗುತ್ತಿರುವ ಕ್ರಾಂಕಿನ ತುದಿಯೊಳಕ್ಕೆ ಹೋಗುತ್ತದೆ. ಆ ಸೇರುವ ಜಾಗದಲ್ಲಿ ಬೆರಳ ತುದಿಯಷ್ಟೂ ಇಲ್ಲದ ಒಂದು ಸೀಲ್ ಇದೆ, ಹಳೆಯ ಗಾಡಿಗಳಲ್ಲಿ ಕಾರ್ಕಿನದು. ಅದು ಒಡೆದರೆ ಆಯಿಲ್ ಸುಲಭದ ದಾರಿ ಹಿಡಿದು ಟೈಮಿಂಗ್ ಕೇಸಿನೊಳಗೇ ಚೆಲ್ಲುತ್ತದೆ. ಹೊರಗೆ ಸೋರುವುದಿಲ್ಲ, ಡಿಪ್‌ಸ್ಟಿಕ್ಕಲ್ಲಿ ಇಳಿಯುವುದಿಲ್ಲ, ಬಿಗ್ ಎಂಡ್ ಮಾತ್ರ ಸದ್ದಿಲ್ಲದೆ ಸುಡುತ್ತದೆ. ಟೈಮಿಂಗ್ ಕವರ್ ತೆಗೆದಾಗಲೆಲ್ಲ ಆ ಸೀಲ್ ಹೊಸದು ಹಾಕಬೇಕು. ಹಾಕದೆ ಮುಚ್ಚುವವರೇ ಹೆಚ್ಚು.

ಕೊನೆಗೆ ಆಯಿಲ್ ಇಳಿಸಿ ಬಿಳಿ ಬಟ್ಟೆಯಲ್ಲಿ ಸೋಸಿ, ಫಿಲ್ಟರ್ ಎಲಿಮೆಂಟನ್ನೂ ಬಿಸಿಲಲ್ಲಿ ಬಿಡಿಸಿ ನೋಡಿ. ಆಯಸ್ಕಾಂತಕ್ಕೆ ಅಂಟುವ ಪುಡಿ ಉಕ್ಕು: ಟೈಮಿಂಗ್ ಗೇರು, ಕ್ಯಾಮು, ಟ್ಯಾಪೆಟ್. ಹಳದಿ ಮಿನುಗು ಪಿಸ್ಟನ್ ಪಿನ್ ಬುಷ್. ಅಂಟದ ಬೆಳ್ಳಿ ಬಣ್ಣದ್ದು ಪಿಸ್ಟನ್ ಇರಬಹುದು, ಬಿಗ್ ಎಂಡಿನ ಬಿಳಿ ಲೋಹ ಇರಬಹುದು. ಚೂರನ್ನು ಉಗುರಿನಿಂದ ಒತ್ತಿ, ಮೆತ್ತಗೆ ಚಪ್ಪಟೆಯಾದರೆ ಬಿಳಿ ಲೋಹದ ಅನುಮಾನವೇ ಗಟ್ಟಿ.

---

ಚಾರ್ಮಾಡಿ_ತಿರುವು:

ಎಲ್ಲರಿಗೂ ಧನ್ಯವಾದ. ಫಲಿತಾಂಶ ಇಲ್ಲಿದೆ.

ಆಟೋ ಅಡ್ವಾನ್ಸ್ ಕ್ಯಾಮ್ ಬಿಟ್ಟರೂ ವಾಪಸ್ ಬರ್ತಿರಲಿಲ್ಲ, ಒಂದು ಸ್ಪ್ರಿಂಗಿನ ಕೊಕ್ಕೆ ತೆರೆದಿತ್ತು. ಹೊಸ ಸ್ಪ್ರಿಂಗ್ ಜೋಡಿ ಹಾಕಿ, ಗ್ಯಾಪ್ 0.38, ಟೈಮಿಂಗ್ 0.8 ಇಟ್ಟೆ. ಟಿಣ್ ಟಿಣ್ ಪೂರ್ತಿ ಹೋಯ್ತು. ಟ್ಯಾಪೆಟ್ ಸರಿ ಇದೆ. ಪ್ರೈಮರಿ ಚೈನ್ 12 ಮಿ.ಮೀ. ಆಡ್ತಿತ್ತು, 6ಕ್ಕೆ ತಂದೆ. ರೋಟರ್ ಗಟ್ಟಿ ಇದೆ, ಫೀಲರ್ ಸುತ್ತ ಹಾಯುತ್ತೆ.

ದಬ್ ದಬ್ ಹಾಗೇ ಇದೆ. ಫಿಲ್ಟರ್ ಮುಚ್ಚಳದಲ್ಲಿ ಆಯಿಲ್ ಒಸರಿತು. ಎಲಿಮೆಂಟ್ ಮಡಿಕೆಯಲ್ಲಿ ಬೆಳ್ಳಿ ಬಣ್ಣದ ಪುಡಿ, ಆಯಸ್ಕಾಂತಕ್ಕೆ ಅಂಟಲ್ಲ, ಒಂದೆರಡು ಚೂರು ಉಗುರಿಗೆ ಚಪ್ಪಟೆಯಾಯ್ತು. ಇನ್ನೂ ಓಡಿಸಬಹುದಾ? ಹೆಡ್ ತೆಗೆಯದೆ ಖಚಿತ ಮಾಡ್ಕೊಳ್ಳೋ ದಾರಿ ಇದೆಯಾ?

---

ಫೀಲರ್_ಗೇಜ್:

ಓಡಿಸಬೇಡಿ. ಈಗ ಹೋಗಿರೋದು ಬರೀ ಬಿಗ್ ಎಂಡಿನ ಬುಷ್, ಅದು ಪಿನ್, ರಾಡ್ ಎರಡನ್ನೂ ತಿಂದು ಕೊನೆಗೆ ಕೇಸ್ ಒಡೆಯೋ ತನಕ ಯಾಕೆ ಕಾಯೋದು.

ಖಚಿತ ಮಾಡ್ಕೊಳ್ಳೋಕೆ: ಪ್ಲಗ್ ತೆಗೆದು ಪಿಸ್ಟನ್ನನ್ನು ಅರ್ಧ ದಾರಿಯಲ್ಲಿ ನಿಲ್ಲಿಸಿ, ಸ್ಪೋಕ್ ಪಿಸ್ಟನ್ ಮೇಲೆ ಕೂರಿಸಿ ಬೆರಳಲ್ಲಿ ಹಿಡಿಯಿರಿ. ಪ್ರೈಮರಿ ಕವರ್ ತೆಗೆದಿದ್ದೀರಲ್ಲ, ರೋಟರ್ ನಟ್ಟಿಗೆ ಸ್ಪ್ಯಾನರ್ ಹಾಕಿ ಕ್ರಾಂಕನ್ನು ಸ್ವಲ್ಪ ಆಚೆ ಈಚೆ ಆಡಿಸಿ. ನಟ್ ಸಡಿಲಿಸೋ ದಿಕ್ಕಿಗೆ ಬಲ ಹಾಕಬೇಡಿ. ಕ್ರಾಂಕ್ ಕದಲಿದ ಕ್ಷಣವೇ ಸ್ಪೋಕೂ ಕದಲಬೇಕು. ಕ್ರಾಂಕ್ ಸ್ವಲ್ಪ ತಿರುಗಿ, ಆಮೇಲೆ ಟಕ್ ಅಂತ ಪಿಸ್ಟನ್ ಹೊರಟರೆ ಆ ನಡುವಿನ ಸಡಿಲ ಬಿಗ್ ಎಂಡು, ಪಿನ್ ಬುಷ್ ಎರಡರದ್ದೂ ಸೇರಿದ್ದು. ಗೇರ್ ಹಾಕಿ ಹಿಂದಿನ ಚಕ್ರ ಆಡಿಸಿ ನೋಡೋರು ಇದ್ದಾರೆ. ಅದರಲ್ಲಿ ಎರಡು ಚೈನು, ಗೇರ್‌ಬಾಕ್ಸು ಎಲ್ಲದರ ಸಡಿಲವೂ ಕೂಡುತ್ತೆ, ಏನೂ ತಿಳಿಯಲ್ಲ.

ಬ್ಲಾಕ್ ತೆಗೆದ ಮೇಲೆ ಅನುಮಾನವೇ ಉಳಿಯಲ್ಲ. ಪಿಸ್ಟನ್ ತುದಿಯ ಸ್ಥಾನದಲ್ಲಿ ರಾಡನ್ನು ಎರಡು ಕೈಯಲ್ಲಿ ಹಿಡಿದು ನೇರ ಮೇಲೆ ಕೆಳಗೆ ಎಳೆದು ಒತ್ತಿ. ಪಕ್ಕಕ್ಕೆ ಓಲಾಡೋದು ಸಹಜ, ಅದನ್ನು ನೋಡಿ ಹೆದರಬೇಡಿ. ನೇರಕ್ಕೆ ಕೈಗೆ ಟಕ್ ಅಂತ ತಾಕಿದರೆ ಮುಗೀತು. ಇದು ತೇಲುವ ಬುಷ್, ಒಳಗೊಂದು ಹೊರಗೊಂದು ಎರಡು ಆಯಿಲ್ ಪದರ ಇರುತ್ತೆ, ಆದ್ದರಿಂದ ಆಯಿಲ್ ತೊಳೆದು ಒಣಗಿಸಿದರೆ ಒಳ್ಳೆ ಬುಷ್ ಕೂಡ ಕೂದಲೆಳೆಯಷ್ಟು ಆಡುತ್ತೆ. ಆಯಿಲ್ ಇರುವಾಗಲೇ ನೋಡಿ.

---

ಎಡಮುರಿ_ನಟ್:

ಬಿಚ್ಚುವುದೇ ಆದರೆ ಎರಡು ಸಲ ಬಿಚ್ಚುವ ಹಾಗೆ ಮಾಡಿಕೊಳ್ಳಬೇಡಿ.

ಬುಷ್ ಒಂದನ್ನೇ ಬದಲಿಸುವುದು ಬೇಡ. ರಾಡ್, ಕ್ರಾಂಕ್ ಪಿನ್, ಬುಷ್ ಒಟ್ಟಿಗೆ ಕಿಟ್ ಆಗಿ ಸಿಗುತ್ತದೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಬೇರೆ ಬೇರೆ ದರ್ಜೆಯವು ಇವೆ. ರೋಲರ್ ಬೇರಿಂಗ್ ಇರುವ ರಾಡ್ ಕಿಟ್ಟೂ ಸಿಗುತ್ತದೆ. ಆಯಿಲ್ ಕೊರತೆಯನ್ನು ಅದು ಸ್ವಲ್ಪ ಹೆಚ್ಚು ತಾಳಿಕೊಳ್ಳುತ್ತದೆ, ನಾನಾದರೆ ಅದನ್ನೇ ಹಾಕುವೆ. ಮೇನ್ ಬೇರಿಂಗ್‌ಗಳನ್ನೂ ಆಗಲೇ ಬದಲಿಸಿ.

ಲೇತ್ ಅಂಗಡಿಯಲ್ಲಿ ಒಂದೇ ಪ್ರಶ್ನೆ ಕೇಳಿ: ಕ್ರಾಂಕ್ ಕೂಡಿಸಿದ ಮೇಲೆ ಡಯಲ್ ಗೇಜ್ ಇಟ್ಟು ಟ್ರೂ (ಓಲಾಟವಿಲ್ಲದಂತೆ ನೇರ) ಮಾಡಿ ತೋರಿಸುತ್ತೀರಾ? ಎರಡೂ ತುದಿಯಲ್ಲಿ ಓಲಾಟ 0.05 ಮಿ.ಮೀ. ಒಳಗಿರಬೇಕು. ಸುತ್ತಿಗೆ ಹೊಡೆದು "ಕಣ್ಣಳತೆ ಸಾಕು" ಎನ್ನುವ ಕಡೆ ಕೊಡಬೇಡಿ. ಹೊಸ ಪಿಸ್ಟನ್ ಪಿನ್ ಬುಷ್ ಹಾಕಿದರೆ ರೀಮರ್ ಹಾಯಿಸಬೇಕು. ಆಯಿಲ್ ಸವರಿದ ಪಿನ್ನು ಹೆಬ್ಬೆರಳ ಒತ್ತಡಕ್ಕೆ ಒಳಗೆ ಹೋಗಬೇಕು, ತಾನಾಗಿ ಜಾರಿ ಬೀಳಬಾರದು.

ಬ್ಲಾಕನ್ನು ಬೋರ್ ಗೇಜಲ್ಲಿ ಮೇಲೆ, ನಡುವೆ, ಕೆಳಗೆ ಅಳೆಸಿ, ಪ್ರತಿ ಕಡೆಯೂ ಮುಂದೆ ಹಿಂದೆ ಮತ್ತು ಅಡ್ಡಕ್ಕೆ. ಸವೆತ 0.2 ಮಿ.ಮೀ. ಮೀರಿದ್ದರೆ +40ಕ್ಕೆ ಹೋಗಿ, ಅಂದರೆ ಮೂಲ 70ಕ್ಕಿಂತ ಸುಮಾರು 1 ಮಿ.ಮೀ. ಹೆಚ್ಚು. ಪಿಸ್ಟನ್ ಕೈಯಲ್ಲಿಟ್ಟುಕೊಂಡೇ ಬೋರ್ ಮಾಡಿಸಿ, ಪಿಸ್ಟನ್ ಪೆಟ್ಟಿಗೆಯ ಮೇಲೆ ಬರೆದಿರುವ ಸಂದನ್ನೇ ಕೊಡಲಿ. ರಿಂಗನ್ನು ಬ್ಲಾಕಿನೊಳಗೆ ನೇರವಾಗಿ ಕೂರಿಸಿ ತುದಿಗಳ ನಡುವೆ 0.3 ಮಿ.ಮೀ. ಆಸುಪಾಸು ಇದೆಯೇ ನೋಡಿ.

ಕೂಡಿಸುವಾಗ ಬಿಗ್ ಎಂಡಿಗೆ ಆಯಿಲ್ ಕ್ಯಾನಿನಿಂದ ತುಂಬಿ, ಕ್ರಾಂಕ್ ತುದಿಯ ಸೀಲ್ ಹೊಸದು ಹಾಕಿ, ಫಿಲ್ಟರ್ ಕೋಣೆಯನ್ನು ಆಯಿಲಿಂದ ತುಂಬಿಸಿಯೇ ಮುಚ್ಚಿ. ಪ್ಲಗ್ ಇಲ್ಲದೆ ಕಿಕ್ ಹೊಡೆದು ಫಿಲ್ಟರ್ ಮುಚ್ಚಳದಲ್ಲಿ ಆಯಿಲ್ ಕಂಡ ಮೇಲೆ ಪ್ಲಗ್ ಹಾಕಿ. ಒಟ್ಟು 2.25 ಲೀಟರ್. ಡಿಪ್‌ಸ್ಟಿಕ್ ನೋಡುವುದು ಎಂಜಿನ್ ಓಡಿಸಿ ನಿಲ್ಲಿಸಿದ ಮೇಲೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಆಯಿಲ್ ಕೆಳಗೆ ಇಳಿದಿರುತ್ತದೆ, ಕಡಿಮೆ ಎಂದುಕೊಂಡು ಸುರಿದರೆ ಬ್ರೀದರಿನಿಂದ ಉಗುಳುತ್ತದೆ.

ಮತ್ತೆ, ಟೈಮಿಂಗ್ ಕವರಿನೊಳಗೆ ಕ್ರಾಂಕ್ ತುದಿಯಲ್ಲಿ ಪಂಪ್ ತಿರುಗಿಸುವ ವರ್ಮ್ (ಸ್ಕ್ರೂವಿನಂಥ ಗೇರು) ಇದೆಯಲ್ಲ, ಅದರ ಥ್ರೆಡ್ ಎಡಮುರಿ. ಗಡಿಯಾರದ ದಿಕ್ಕಿಗೆ ತಿರುವಿದರೆ ಬಿಚ್ಚುತ್ತದೆ. ಎಲ್ಲ ನಟ್ಟಿನ ಹಾಗೆ ತಿರುವಿ ಪೈಪ್ ಹಾಕಿ ಎಳೆದರೆ ಕ್ರಾಂಕಿನ ತುದಿಯೇ ಕೈಗೆ ಬರುತ್ತದೆ.

---

ಚಾರ್ಮಾಡಿ_ತಿರುವು:

ಸ್ಪೋಕ್ ಪರೀಕ್ಷೆ ಮಾಡಿದೆ. ಕ್ರಾಂಕ್ ಕದಲಿ ಆಮೇಲೆ ಟಕ್ ಅನ್ನುತ್ತೆ, ಬೆರಳಿಗೇ ಗೊತ್ತಾಗ್ತಿದೆ. ಗಾಡಿ ನಿಲ್ಲಿಸಿದ್ದೀನಿ. ಟೈಮಿಂಗ್ ಕವರ್ ತೆಗೆದಾಗ ಕಾರ್ಕ್ ಸೀಲ್ ಎರಡು ತುಂಡಾಗಿ ಕೈಗೆ ಬಂತು.